ಬಣ್ಣಕ್ಕೆ ಮುಂಚೆ ಬಿರುಕು ನೋಡಿ

ಹಳೇ ಕಾರು ಕೊಂಡವರ ದುಡ್ಡೆಲ್ಲ ಎಂಜಿನ್ನಿಗೂ ಟಿಂಕರಿಂಗಿಗೂ ಹೋಗಿಬಿಡುತ್ತದೆ. ಚಕ್ರದ ಸರದಿ ಬರುವ ಹೊತ್ತಿಗೆ ಕೈ ಖಾಲಿ, ತಾಳ್ಮೆಯೂ ಖಾಲಿ. ಎರಡು ಡಬ್ಬಿ ಸಿಲ್ವರ್ ಸ್ಪ್ರೇ ತಂದು, ಟಯರಿಗೆ ಹಳೇ ಪೇಪರು ಸುತ್ತಿ, ಒಂದು ಭಾನುವಾರ ಬೆಳಿಗ್ಗೆ ಕೆಲಸ ಮುಗಿಸುತ್ತಾರೆ. ಚಕ್ರ ಫಳಫಳ ಹೊಳೆಯುತ್ತದೆ. ಹಾಗೆ ಹೊಳೆಯುವ ಚಕ್ರ ಕಂಡರೆ ನನಗೆ ಭಯವಾಗುತ್ತದೆ. ಅರವತ್ತು ವರ್ಷ ಉರುಳಿದ ಉಕ್ಕಿನ ಮೇಲೆ ತುಕ್ಕಿನ ಗೆರೆ ಕಾಣಿಸಿಕೊಂಡರೆ ಅದು ಎಚ್ಚರಿಕೆ. ಸ್ಪ್ರೇ ಹೊಡೆದವರು ಆ ಎಚ್ಚರಿಕೆಯ ಬಾಯಿ ಮುಚ್ಚಿಸಿರುತ್ತಾರೆ. ಮೇಲೆ ಥಳುಕು, ಒಳಗೆ ಹುಳುಕು.

ಚಕ್ರದ ಈ ಮಾತಿಗೆ ಚೆನ್ನೈನ ಕೋಡಂಬಾಕ್ಕಂ ತಕ್ಕ ಜಾಗ. ಕನ್ನಡಿಗರಿಗೆ ಈ ಹೆಸರು ಸಿನಿಮಾದಿಂದ ಪರಿಚಿತ. 1954ರ ‘ಬೇಡರ ಕಣ್ಣಪ್ಪ’ದ ಕಾಲದಿಂದ ಎಪ್ಪತ್ತರ ದಶಕದವರೆಗೂ ನಮ್ಮ ಚಿತ್ರರಂಗದ ದೊಡ್ಡ ಪಾಲು ಬದುಕಿದ್ದು ಕೋಡಂಬಾಕ್ಕಂ, ವಡಪಳನಿ, ಸಾಲಿಗ್ರಾಮಂ, ಟಿ. ನಗರಗಳ ಸುತ್ತಮುತ್ತ. ಶಿವರಾಜ್‌ಕುಮಾರ್, ಪುನೀತ್ ಹುಟ್ಟಿದ್ದೂ ಇದೇ ಮದ್ರಾಸಿನಲ್ಲಿ. ಸ್ಟುಡಿಯೊಗಳ ಜೊತೆಗೇ ಕಾರುಗಳು ಬಂದವು, ಕಾರುಗಳ ಹಿಂದೆ ಡ್ರೈವರುಗಳು, ಮೆಕ್ಯಾನಿಕ್ಕುಗಳು, ಪೇಂಟರುಗಳು. ಸ್ಟುಡಿಯೊಗಳಲ್ಲಿ ಹಲವು ಮುಚ್ಚಿ ಅಪಾರ್ಟ್‌ಮೆಂಟುಗಳಾಗಿವೆ. ಆರ್ಕಾಟ್ ರಸ್ತೆಯ ಎವಿಎಂ ಆವರಣದಲ್ಲಿ 2023ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಸಿನಿಮಾ ಸಾಮಗ್ರಿಗಳ ಪಕ್ಕದಲ್ಲಿ ಹಳೇ ಕಾರುಗಳೂ ನಿಂತಿವೆ. ಅಡ್ಡರಸ್ತೆಗಳಲ್ಲಿ ಟಿಂಕರಿಂಗ್ ಶೆಡ್ಡುಗಳು ಇನ್ನೂ ಇವೆ. ಬಣ್ಣದ ಕೆಲಸದಲ್ಲಿ ಈ ಕೈಗಳನ್ನು ಮೀರಿಸುವುದು ಕಷ್ಟ. ಆದರೆ ಕ್ಯಾಮೆರಾಕ್ಕೆ ಬೇಕಾದ ಚಕ್ರ ಬೇರೆ, ರಸ್ತೆಗೆ ಬೇಕಾದ ಚಕ್ರ ಬೇರೆ.

ಮದ್ರಾಸಿಗೆ ತನ್ನದೇ ಒಂದು ಕಾರೂ ಇತ್ತು. ಊರಿನ ತೆಂಕಣ ಅಂಚಿನಲ್ಲಿ, ವಂಡಲೂರಿನ ಕಡೆ, ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಆಫ್ ಇಂಡಿಯಾದ ಕಾರ್ಖಾನೆಯಿತ್ತು. ಅಲ್ಲಿ 1961ರಿಂದ ಸುಮಾರು ಹತ್ತು ವರ್ಷ ತಯಾರಾದದ್ದು ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಭಾರತೀಯ ರೂಪ, ವಿನ್ಯಾಸ ಇಟಲಿಯ ಜೊವಾನಿ ಮಿಕೆಲೊಟ್ಟಿಯದು. ಅಂಬಾಸಿಡರ್, ಫಿಯೆಟ್‌ಗಳ ನಡುವೆ ಇದು ಚೂಪು ಮೂಗಿನ ಚುರುಕು ಕಾರು. ನಾಲ್ಕು ಬಾಗಿಲಿನ ಹೆರಾಲ್ಡ್ ಭಾರತ ಬಿಟ್ಟು ಬೇರೆಲ್ಲೂ ತಯಾರಾಗಲೇ ಇಲ್ಲ. ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಮೇಲೆ ಎರಡೇ ಸೀಟಿನ ತೆರೆದ ಬಾಡಿ ಕೂರಿಸಿ, 1962ರಲ್ಲಿ ಇಂಗ್ಲೆಂಡಿನಲ್ಲಿ ಹೊರತಂದ ಸ್ಪೋರ್ಟ್ಸ್ ಕಾರೇ ಟ್ರಯಂಫ್ ಸ್ಪಿಟ್‌ಫೈರ್. ಸಸ್ಪೆನ್ಷನ್ನಿನಲ್ಲೂ ಚಕ್ರದಲ್ಲೂ ಇವು ಒಡಹುಟ್ಟಿದವು: ಉಕ್ಕಿನ ತಗಡನ್ನು ಒತ್ತಿ ಮಾಡಿದ ಹದಿಮೂರು ಇಂಚಿನ ಚಕ್ರ, ಮೂರೂವರೆ ಇಂಚು ಅಗಲದ ರಿಮ್, ಮೂರೂಮುಕ್ಕಾಲು ಇಂಚು ವ್ಯಾಸದ ವೃತ್ತದಲ್ಲಿ ನಾಲ್ಕು ಸ್ಟಡ್ಡು. ಅಸಲಿ ಸ್ಪಿಟ್‌ಫೈರ್ ನಮ್ಮ ದೇಶದಲ್ಲಿ ಅಪರೂಪ. ಆದರೆ ಅದರ ಚಕ್ರದ ಬಗ್ಗೆ ಹೇಳುವುದೆಲ್ಲ ಮದ್ರಾಸ್ ಹೆರಾಲ್ಡಿನ ಚಕ್ರಕ್ಕೂ ಹೊಂದುತ್ತದೆ.

ಈ ಚಕ್ರಗಳು ಬರೀ ಆಫೀಸಿಗೆ ಹೋಗಿಬಂದವಲ್ಲ. ಊರಿನ ಉತ್ತರಕ್ಕೆ ಶೋಳವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯಿತ್ತು. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಅದರ ಮೇಲೆ ದಶಕಗಳ ಕಾಲ ರೇಸ್ ನಡೆಸಿತು. 1990ರಲ್ಲಿ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಬರುವವರೆಗೂ ದಕ್ಷಿಣದ ರೇಸಿಂಗಿಗೆ ಅದೇ ತವರು. ತಿದ್ದಿದ ಹೆರಾಲ್ಡ್‌ಗಳೂ ಅಲ್ಲಿ ಓಡಿದವು. ಹೆರಾಲ್ಡಿನ ಹಿಂಬದಿ ಸ್ವಿಂಗ್ ಆಕ್ಸಲ್‌ನದು. ಜೋರಾಗಿ ತಿರುವು ತೆಗೆದರೆ ಹಿಂಚಕ್ರ ಒಳಕ್ಕೆ ಮಡಿಚಿಕೊಳ್ಳಲು ನೋಡುತ್ತದೆ, ಅಡ್ಡ ಒತ್ತಡವೆಲ್ಲ ಚಕ್ರದ ಡಿಸ್ಕಿನ ಮೇಲೆ ಬೀಳುತ್ತದೆ. ಇಂಥ ಕಾರಿನ ಚಕ್ರ ಇವತ್ತು ಕೈಗೆ ಬಂದರೆ ಅದು ಹಿಂದೆ ಏನೇನು ಅನುಭವಿಸಿದೆಯೋ ಯಾರು ಬಲ್ಲರು? ಪುದುಪೇಟೆಯ ಗುಜರಿ ಸಾಲಿನಲ್ಲಿ ಕೊಂಡ ಚಕ್ರಕ್ಕಂತೂ ಜಾತಕವೇ ಇಲ್ಲ.

ಉಕ್ಕು ದಣಿಯುವ ಲೆಕ್ಕ ಒಮ್ಮೆ ಹಾಕಿ ನೋಡಬೇಕು. ಹದಿಮೂರು ಇಂಚಿನ ಈ ಚಕ್ರ ಟಯರಿನೊಂದಿಗೆ ಒಂದು ಸುತ್ತು ಬಂದರೆ ಸುಮಾರು 1.8 ಮೀಟರ್. ಕಿಲೊಮೀಟರಿಗೆ 550ರ ಆಸುಪಾಸು ಸುತ್ತು. ಒಂದೊಂದು ಸುತ್ತಿನಲ್ಲೂ ಕಾರಿನ ತೂಕ ಡಿಸ್ಕನ್ನು ಒಂದು ಸಲ ಬಾಗಿಸಿ ಬಿಡುತ್ತದೆ. ಕಣ್ಣಿಗೆ ಕಾಣದಷ್ಟು, ಆದರೆ ತಪ್ಪದೆ. ಲಕ್ಷ ಕಿಲೊಮೀಟರ್ ಓಡಿದ ಚಕ್ರ ಐದು ಕೋಟಿಗೂ ಹೆಚ್ಚು ಸಲ ಬಾಗಿದೆ. ಒಂದೇ ಹೊಡೆತಕ್ಕೆ ಜಗ್ಗದ ಲೋಹ ಸಣ್ಣ ಹೊಡೆತವನ್ನೇ ಕೋಟಿ ಸಲ ತಿಂದು ಒಡೆಯಬಹುದೆಂಬುದು ಜಗತ್ತಿಗೆ ಗೊತ್ತಾದದ್ದು ರೈಲಿನ ಆಕ್ಸಲ್‌ಗಳಿಂದ. 1842ರಲ್ಲಿ ವರ್ಸೇಲ್ಸ್ ಬಳಿ ಆಕ್ಸಲ್ ಮುರಿದು ರೈಲು ಉರುಳಿ ಹತ್ತಾರು ಜನ ಸತ್ತರು. ಮುಂದಿನ ದಶಕಗಳಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಆಕ್ಸಲ್‌ಗಳನ್ನು ತಿರುಗಿಸಿ ತಿರುಗಿಸಿ ಬಾಗಿಸುವ ಯಂತ್ರ ಕಟ್ಟಿ, ಎಷ್ಟು ಒತ್ತಡಕ್ಕೆ ಎಷ್ಟು ಸುತ್ತು ತಾಳುತ್ತವೆಂದು ಅಳೆದ. ಇಂದಿಗೂ ಹೊಸ ಚಕ್ರದ ಮಾದರಿಯನ್ನು ಕಾರ್ಖಾನೆಗಳು ಇದೇ ತತ್ವದ ಮೇಲೆ ಪರೀಕ್ಷಿಸುತ್ತವೆ. ನಮ್ಮ ತೊಡಕು ಏನೆಂದರೆ ಆ ಪರೀಕ್ಷೆಗೆ ಒಳಪಟ್ಟ ಚಕ್ರವನ್ನು ಮತ್ತೆ ಕಾರಿಗೆ ಹಾಕುವಂತಿಲ್ಲ, ಅದರ ಆಯುಸ್ಸನ್ನು ಪರೀಕ್ಷೆಯೇ ತಿಂದಿರುತ್ತದೆ. ನಮ್ಮ ಹಳೇ ಚಕ್ರಕ್ಕೆ ಉಳಿಯುವುದು ಒಂದೇ ದಾರಿ: ಬಿರುಕು ಶುರುವಾಗಿದೆಯೇ ಎಂದು ಹುಡುಕುವುದು.

ಹುಡುಕಬೇಕಾದ ಜಾಗಗಳು ಗೊತ್ತಿರುವಂಥವೇ. ಉಕ್ಕಿನ ಚಕ್ರವೆಂದರೆ ಎರಡು ತುಂಡು: ಪಟ್ಟಿ ಸುತ್ತಿ ಬೆಸೆದು ಮಾಡಿದ ರಿಮ್, ಅದರೊಳಗೆ ಒತ್ತಿ ಕೂರಿಸಿ ಬೆಸೆದ ಡಿಸ್ಕ್. ಇವೆರಡು ಸೇರುವ ಬೆಸುಗೆಯ ಅಂಚು, ಗಾಳಿಕಿಂಡಿಗಳ ಮೂಲೆ, ಸ್ಟಡ್ ತೂತುಗಳ ಸುತ್ತ. ಬಿರುಕು ಹುಟ್ಟುವುದು ಹೆಚ್ಚಾಗಿ ಇಲ್ಲೇ. ಸ್ಟಡ್ ತೂತಿನ ಹತ್ತಿರದ್ದು ಎಲ್ಲಕ್ಕಿಂತ ಅಪಾಯದ್ದು. ನಟ್ಟು ಸಡಿಲವಾಗಿಯೇ ಓಡಿದ ಚಕ್ರದಲ್ಲಿ ತೂತು ದುಂಡಗೆ ಉಳಿಯದೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ನಟ್ಟು ಕೂರುವ ಇಳಿಜಾರು ಸವೆದು ಹೊಳೆಯುತ್ತಿರುತ್ತದೆ. ಅಂಥ ಚಕ್ರಕ್ಕೆ ಬೇರೆ ಯಾವ ಪರೀಕ್ಷೆಯೂ ಬೇಡ, ಅದರ ಕಾಲ ಮುಗಿದಿದೆ.

ಪರೀಕ್ಷೆಗೆ ಮೊದಲು ಹಳೇ ಬಣ್ಣ ಹೋಗಬೇಕು. ಕೆಲಸ ಕೆಡುವುದು ಇಲ್ಲೇ. ಸಾಮಾನ್ಯವಾಗಿ ಜನ ಚಕ್ರವನ್ನು ನೇರ ಬ್ಲಾಸ್ಟಿಂಗಿಗೆ, ಅಂದರೆ ಮರಳಿನಂಥ ಕಾಳು ಬಡಿದು ಬಣ್ಣ ಕೀಳುವ ಕೆಲಸಕ್ಕೆ, ಕೊಟ್ಟುಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಬೂದು ಬಣ್ಣದ ಶುದ್ಧ ಉಕ್ಕು ಕೈಗೆ ಬರುತ್ತದೆ, ನೋಡಲು ಖುಷಿ. ಆದರೆ ಜೋರಾಗಿ ಬಡಿಯುವ ಕಾಳುಗಳು ಉಕ್ಕಿನ ಮೇಲ್ಪದರವನ್ನು ತಟ್ಟಿ ತಟ್ಟಿ ಹರಡುತ್ತವೆ, ಕೂದಲೆಳೆಯಷ್ಟು ಬಿರುಕಿನ ಬಾಯಿ ಮುಚ್ಚಿಹೋಗುತ್ತದೆ. ಆಮೇಲೆ ಎಂಥ ಬಣ್ಣದ ದ್ರವ ಹಾಕಿದರೂ ಅದು ಒಳಗಿಳಿಯುವುದಿಲ್ಲ, ಬಿರುಕು ತೋರುವುದಿಲ್ಲ. ಆದ್ದರಿಂದ ಮೊದಲು ಪೇಂಟ್ ರಿಮೂವರ್ ಹಚ್ಚಿ ಬಣ್ಣ ತೆಗೆಯಬೇಕು. ಗಾಳಿಯಾಡುವ ಜಾಗ, ಕೈಗೆ ದಪ್ಪ ಗ್ಲೌಸ್, ಮೂಗಿಗೆ ತಕ್ಕ ಮಾಸ್ಕ್ ಬೇಕೇಬೇಕು. ಆಗ ಬಿರುಕಿನ ಪರೀಕ್ಷೆ. ಬ್ಲಾಸ್ಟಿಂಗ್ ಆಮೇಲೆ. ಈ ಕ್ರಮ ತಪ್ಪಿದರೆ ಪರೀಕ್ಷೆ ಮಾಡಿಸಿದ ರಸೀದಿ ಮಾತ್ರ ಕೈಯಲ್ಲಿರುತ್ತದೆ. ಒಣ ಬಣ್ಣವನ್ನು ಗ್ರೈಂಡರಿನಿಂದ ಉಜ್ಜಿ ತೆಗೆಯುವ ಅಭ್ಯಾಸವನ್ನಂತೂ ಬಿಡಬೇಕು. ಅರವತ್ತರ ದಶಕದ ಬಣ್ಣದಲ್ಲಿ ಸೀಸ ಇರಬಹುದು, ಆ ಧೂಳು ಶೆಡ್ಡಿನಲ್ಲಿ ಓಡಾಡುವ ಹುಡುಗರ ಎದೆಗೂಡು ಸೇರುತ್ತದೆ.

ಪರೀಕ್ಷೆಗೆ ಮೂರು ಸ್ಪ್ರೇ ಡಬ್ಬಿ ಸಾಕು. ಡೈ ಪೆನೆಟ್ರೆಂಟ್ ಎಂದು ಕೇಳಿದರೆ ಗಿಂಡಿ, ಅಂಬತ್ತೂರು ಕೈಗಾರಿಕಾ ವಸಾಹತುಗಳ ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲನೆಯದು ಕ್ಲೀನರ್, ಎರಡನೆಯದು ಕಡು ಕೆಂಪು ದ್ರವ, ಮೂರನೆಯದು ಬಿಳಿ ಡೆವಲಪರ್. ಒರೆಸಿ ಒಣಗಿಸಿದ ಡಿಸ್ಕಿನ ಮೇಲೆ ಕೆಂಪು ದ್ರವ ಹೊಡೆದು ಹತ್ತಿಪ್ಪತ್ತು ನಿಮಿಷ ಬಿಡಬೇಕು. ಎಷ್ಟೇ ಕಿರಿದಾದ ಸೀಳಿನೊಳಕ್ಕೂ ಅದು ತಾನಾಗಿ ಇಳಿಯುತ್ತದೆ. ಆಮೇಲೆ ಬಟ್ಟೆಗೆ ಕ್ಲೀನರ್ ತಾಗಿಸಿ ಮೇಲಿನ ಕೆಂಪನ್ನೆಲ್ಲ ಒರೆಸಬೇಕು. ಕ್ಲೀನರನ್ನು ನೇರ ಚಕ್ರಕ್ಕೇ ಹೊಡೆದರೆ ಬಿರುಕಿನೊಳಗಿನ ಕೆಂಪೂ ತೊಳೆದುಹೋಗುತ್ತದೆ. ಕೊನೆಗೆ ಬಿಳಿಯ ತೆಳುವಾದ ಒಂದು ಪದರ. ಆಮೇಲೆ ಕೂತು ನೋಡುವುದು. ಮೊದಲು ಏನೂ ಇರುವುದಿಲ್ಲ. ಎರಡು ಮೂರು ನಿಮಿಷ ಕಳೆದ ಮೇಲೆ ತುಕ್ಕಿನ ಕುಳಿಗಳಿದ್ದಲ್ಲಿ ಗುಲಾಬಿ ಮಚ್ಚೆಗಳು ಏಳುತ್ತವೆ, ಅವು ಗುಂಡಗೆ, ಮಸುಕಾಗಿ ಹರಡುತ್ತವೆ. ಬಿರುಕು ಹಾಗಲ್ಲ. ಸ್ಟಡ್ ತೂತಿನ ಅಂಚಿನಿಂದ ಹೊರಟ ಚೂಪಾದ ಕೆಂಪು ಗೆರೆ, ಬೆರಳುಗುರಿನಷ್ಟು ಉದ್ದ, ನೋಡನೋಡುತ್ತ ದಪ್ಪವಾಗುತ್ತ ಬರುತ್ತದೆ. ಒಮ್ಮೆ ನೋಡಿದವರು ಮತ್ತೆ ಯಾವತ್ತೂ ಚಕ್ರಕ್ಕೆ ಕಣ್ಣುಮುಚ್ಚಿ ಬಣ್ಣ ಬಳಿಯಲಾರರು.

ಇನ್ನೂ ಖಾತ್ರಿ ಬೇಕಾದರೆ ಮ್ಯಾಗ್ನೆಟಿಕ್ ಪರೀಕ್ಷೆಯಿದೆ. ಚಕ್ರವನ್ನು ಅಯಸ್ಕಾಂತಗೊಳಿಸಿ ಮೇಲೆ ಕಬ್ಬಿಣದ ನುಣ್ಣನೆ ಪುಡಿ ಹರಡಿದರೆ ಬಿರುಕಿದ್ದಲ್ಲಿ ಪುಡಿ ಸಾಲುಗಟ್ಟುತ್ತದೆ. ಮೇಲ್ಪದರದ ಸ್ವಲ್ಪ ಕೆಳಗಿರುವ ಬಿರುಕನ್ನೂ ಇದು ಹಿಡಿಯುವುದರಿಂದ ಉಕ್ಕಿಗೆ ಇದೇ ಮೇಲು. ಕಾರ್ಖಾನೆಗಳ ಬಿಡಿಭಾಗ ಪರೀಕ್ಷಿಸುವ ಲ್ಯಾಬುಗಳು ಚೆನ್ನೈನಲ್ಲಿ ಬೇಕಾದಷ್ಟಿವೆ. ಸುತ್ತಿಗೆಯಿಂದ ತಟ್ಟಿ ದನಿ ಕೇಳಿ ಹೇಳುವ ಹಿರಿಯ ಮೇಸ್ತ್ರಿಗಳ ಕಿವಿಯ ಮೇಲೆ ನನಗೆ ಗೌರವವಿದೆ. ಆದರೆ ಆ ಕಿವಿಗೆ ಸಿಗುವುದು ದೊಡ್ಡ ಬಿರುಕು, ನಾವು ಹುಡುಕುತ್ತಿರುವುದು ಸಣ್ಣದ್ದು.

ಬಿರುಕು ಸಿಕ್ಕಿತು ಅಂದುಕೊಳ್ಳಿ. ಶೆಡ್ಡಿನಲ್ಲಿ ಮೊದಲು ಕೇಳಿಬರುವ ಮಾತು, “ವೆಲ್ಡಿಂಗ್ ಪೋಟ್ಟು ತರೇನ್ ಸಾರ್, ತೆರಿಯವೇ ತೆರಿಯಾದು.” ವೆಲ್ಡ್ ಮಾಡಿಕೊಡ್ತೀನಿ, ಗೊತ್ತೇ ಆಗೋದಿಲ್ಲ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಬೇಡ ಅನ್ನಲೇಬೇಕು. ಬೆಸುಗೆಯ ಬಿಸಿಗೆ ಪಕ್ಕದ ಉಕ್ಕಿನ ಗುಣ ಬದಲಾಗುತ್ತದೆ, ಹೊಸ ಬಿರುಕು ಬೆಸುಗೆಯ ಅಂಚಿನಿಂದಲೇ ಹೊರಡುತ್ತದೆ, ಈ ಸಲ ಇನ್ನೂ ಬೇಗ. ಡಿಸ್ಕ್ ಬಿರಿದ ಚಕ್ರವನ್ನು ಗ್ಯಾಸ್ ಕಟರಿನಿಂದ ಎರಡು ಹೋಳು ಮಾಡಿಸಿಯೇ ಗುಜರಿಗೆ ಹಾಕಿ. ಇಡಿಯಾಗಿ ಕೊಟ್ಟರೆ ಅದು ಬಣ್ಣ ಬಳಿಸಿಕೊಂಡು ಇನ್ನೊಬ್ಬರ ಕಾರಿಗೆ ಏರುತ್ತದೆ.

ಬಿರುಕಿಲ್ಲದ ಚಕ್ರ ನೇರವಾಗಿದೆಯೇ ಎನ್ನುವುದು ಮುಂದಿನ ಪ್ರಶ್ನೆ. ಮೆಟ್ರೊ ಕಾಮಗಾರಿಗೆ ಅಗೆದ ಆರ್ಕಾಟ್ ರಸ್ತೆಯಲ್ಲಿ ಓಡಿದ ಮೇಲೆ ಯಾವ ರಿಮ್ ತಾನೇ ದುಂಡಗೆ ಉಳಿದೀತು! ಕಾರಿನ ಮುಂಭಾಗ ಜಾಕಿಯ ಮೇಲೆತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಮೊದಲು ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗ್ ಪ್ಲೇ ನೋಡಬೇಕು. ಬೇರಿಂಗ್ ಸಡಿಲವಿದ್ದರೆ ರಿಮ್ಮನ್ನು ಅಳೆದು ಪ್ರಯೋಜನವಿಲ್ಲ. ಆಮೇಲೆ ರಿಮ್ಮಿನ ಒಳಬದಿಗೆ, ಟಯರು ಕೂರುವ ಜಾಗಕ್ಕೆ, ಡಯಲ್ ಗೇಜ್ ತಾಗಿಸಿ ನಿಧಾನ ತಿರುಗಿಸುವುದು. ಅಡ್ಡಕ್ಕಾಗಲಿ ಮೇಲೆ ಕೆಳಗಾಗಲಿ ಓಲಾಟ ಒಂದೂವರೆ ಮಿಲಿಮೀಟರ್ ದಾಟಿದ ಚಕ್ರವನ್ನು ನಾನು ಬದಿಗಿಡುತ್ತೇನೆ. ಬದಿಗಿಡುವ ಮುಂಚೆ ಒಂದು ಉಪಾಯ: ನಟ್ಟು ಬಿಚ್ಚಿ, ಚಕ್ರವನ್ನು ಒಂದು ಸ್ಟಡ್ ಮುಂದಕ್ಕೆ ಸರಿಸಿ ಕೂರಿಸಿ ಮತ್ತೆ ಅಳೆಯಿರಿ. ಉಬ್ಬು ಚಕ್ರದ ಜೊತೆ ಸರಿದರೆ ದೋಷ ಚಕ್ರದ್ದು, ಇದ್ದಲ್ಲೇ ಉಳಿದರೆ ಹಬ್‌ನದು. ರಿಮ್ಮಿನ ತುಟಿಯಲ್ಲಿ ಆಗಿರುವ ಸಣ್ಣ ಬೆಂಡನ್ನು ತಣ್ಣಗಿರುವಾಗಲೇ ಒತ್ತಿ ತೆಗೆಯಬಹುದು. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಡಿಯುವವರ ಕೈಗೆ ಮಾತ್ರ ಕೊಡಬೇಡಿ.

ಇಷ್ಟೆಲ್ಲ ಆದ ಮೇಲೆ ಬ್ಲಾಸ್ಟಿಂಗ್, ಬಣ್ಣ. ಹೊಳೆಮರಳಿನಿಂದ ಬ್ಲಾಸ್ಟ್ ಮಾಡುವ ಕಡೆ ಹೋಗಬೇಡಿ, ಆ ಸಿಲಿಕಾ ಧೂಳು ಕೆಲಸಗಾರನ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಗಾರ್ನೆಟ್ ಅಥವಾ ಅಲ್ಯುಮಿನಿಯಂ ಆಕ್ಸೈಡ್ ಬಳಸುವವರು ಇದ್ದಾರೆ. ಕಡಲಿನ ಉಪ್ಪುಗಾಳಿ ಬೀಸುವ ಚೆನ್ನೈನಲ್ಲಿ ಬೆತ್ತಲೆ ಉಕ್ಕು ಕೆಲವೇ ಗಂಟೆಗಳಲ್ಲಿ ಕೆಂಪಡರುತ್ತದೆ, ಬೆಳಿಗ್ಗೆ ಬ್ಲಾಸ್ಟ್ ಆದದ್ದಕ್ಕೆ ಸಂಜೆಯೊಳಗೆ ಪ್ರೈಮರ್ ಬೀಳಬೇಕು. ಬರಿಗೈಯಿಂದ ಮುಟ್ಟಲೂಬಾರದು. ಅಕ್ಟೋಬರಿನಿಂದ ಡಿಸೆಂಬರಿನ ಹಿಂಗಾರು ಮಳೆಯಲ್ಲಿ ಗಾಳಿಯ ತೇವ ಶೇ 85 ದಾಟಿದ ದಿನ ಈ ಕೆಲಸ ಹಿಡಿಯದಿರುವುದೇ ಒಳ್ಳೆಯದು.

ಪೌಡರ್ ಕೋಟಿಂಗೋ ಪೇಂಟೋ ಎಂದು ಎಲ್ಲರೂ ಕೇಳುತ್ತಾರೆ. ಪೌಡರ್ ಗಟ್ಟಿ, ಸಮನಾಗಿ ಕೂರುತ್ತದೆ, 180ರಿಂದ 200 ಡಿಗ್ರಿ ಒಲೆಯಲ್ಲಿ ಬೇಯುವ ಬಿಸಿ ಉಕ್ಕಿನ ಚಕ್ರಕ್ಕೆ ಏನೂ ಮಾಡುವುದಿಲ್ಲ. ಆದರೂ ನನ್ನ ಒಲವು ಹಳೇ ರೀತಿಯ ಪೇಂಟಿನ ಕಡೆಗೇ: ಎಪಾಕ್ಸಿ ಪ್ರೈಮರ್, ಮೇಲೆ ತೆಳುವಾಗಿ ಎರಡು ಕೈ ಸಿಲ್ವರ್. ಕೆಳಗೆ ತುಕ್ಕು ಹುಟ್ಟಿದರೆ ಪೇಂಟು ಬೇಗ ಉಬ್ಬಿ ತೋರಿಸಿಕೊಡುತ್ತದೆ. ದಪ್ಪ ಪೌಡರು ಚರ್ಮದ ಹಾಗೆ ಮೇಲೆ ಗಟ್ಟಿಯಾಗಿ ಕೂತು ಅಡಿಯ ಗಾಯವನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ. ಪುಟ್ಟಿಯಂತೂ ಚಕ್ರದ ಮೇಲೆ ಒಂದು ಚಿಟಿಕೆಯೂ ಬೇಡ. ಕುಳಿ ಕಂಡರೆ ಕಾಣಲಿ.

ಯಾವುದನ್ನೇ ಹಾಕಿಸಿ, ನಟ್ಟು ಕೂರುವ ಇಳಿಜಾರಿಗೂ ಡಿಸ್ಕು ಹಬ್ಬಿಗೆ ಒತ್ತಿಕೊಳ್ಳುವ ಹಿಂಬದಿಗೂ ದಪ್ಪ ಬಣ್ಣ ಬೀಳದಂತೆ ಮರೆಮಾಡಿಸಿ. ಈ ಒಂದು ಮಾತನ್ನು ಪೇಂಟರಿಗೆ ಎದುರು ನಿಂತು ಹೇಳಬೇಕು. ಅಲ್ಲಿ ಬಣ್ಣ ಇದ್ದರೆ ನಟ್ಟು ಮೊದಲು ಬಿಗಿಯಾದಂತೆ ತೋರುತ್ತದೆ, ಓಡುತ್ತ ಓಡುತ್ತ ಬಣ್ಣ ಹಿಂಡಿಹೋಗಿ ಬಿಗಿ ಸಡಿಲುತ್ತದೆ. ಬಿಗಿ ಸಡಿಲಿದ ನಟ್ಟಿನಿಂದಲೇ ತೂತು ಮೊಟ್ಟೆಯಾಕಾರವಾಗುವುದು, ಬಿರುಕು ಹುಟ್ಟುವುದು. ಹೆರಾಲ್ಡಿನ ಸ್ಟಡ್ಡುಗಳು ಇಂಚಿನ ಎಂಟನೇ ಮೂರರಷ್ಟು ದಪ್ಪದವು, ಈಗಿನ ಕಾರುಗಳಿಗಿಂತ ಸಣ್ಣವು. ಅವಕ್ಕೆ ಬೇಕಾದ ಬಿಗಿ ಸುಮಾರು 40 ಪೌಂಡ್-ಅಡಿ, ಅಂದರೆ 55 ನ್ಯೂಟನ್ ಮೀಟರಿನ ಸುತ್ತಮುತ್ತ. ಟಯರ್ ಅಂಗಡಿಯ ಗಾಳಿ ಗನ್ನು ಒಂದೇ ಝರ್ರಿಗೆ ಇದನ್ನು ದಾಟಿ ಸ್ಟಡ್ಡನ್ನು ಎಳೆದು ಉದ್ದ ಮಾಡಿಬಿಡಬಲ್ಲದು. ಗನ್ನಿಗೆ ಅಡ್ಡ ನಿಂತು, ಟಾರ್ಕ್ ರೆಂಚಿನಿಂದ, ಎದುರುಬದುರು ನಟ್ಟುಗಳನ್ನು ಎರಡು ಸುತ್ತಿನಲ್ಲಿ ಬಿಗಿಸಿ. ನೂರು ಕಿಲೊಮೀಟರ್ ಓಡಿದ ಮೇಲೆ ಮತ್ತೊಮ್ಮೆ. ಸ್ಟಡ್ಡು ಹಳತಾಗಿದ್ದರೆ ಹೊಸದು ಹಾಕಿ. ಹೊಳಪಿಗೆಂದು ಪ್ಲೇಟಿಂಗಿಗೆ ಕೊಡಬೇಡಿ. ಪ್ಲೇಟಿಂಗ್ ತೊಟ್ಟಿಯ ಆಸಿಡ್ಡಿನಿಂದ ಗಟ್ಟಿ ಉಕ್ಕಿನೊಳಕ್ಕೆ ಹೈಡ್ರೋಜನ್ ಇಳಿದು ಅದು ಪಟಕ್ಕನೆ ಮುರಿಯುವಂತಾಗುತ್ತದೆ.

ಚಕ್ರ ಸರಿಯಿದ್ದೂ ಚಕ್ರ ಕಳಚಿಬೀಳುವ ಒಂದು ದಾರಿ ಹೆರಾಲ್ಡಿಗೂ ಸ್ಪಿಟ್‌ಫೈರಿಗೂ ಇದೆ, ಅದನ್ನು ಹೇಳದೆ ಬಿಡಲಾರೆ. ಮುಂಚಕ್ರವನ್ನು ಹೊತ್ತ ನಿಲುಗಂಬದ ತುದಿ ಕೆಳಗೆ ಕಂಚಿನ ಟ್ರನಿಯನ್ ಎಂಬ ತುಂಡಿನೊಳಗೆ ತಿರುಪಿನ ಹಾಗೆ ತಿರುಗುತ್ತದೆ. ಅದಕ್ಕೆ ಬೇಕಾದದ್ದು 90ರ ಗೇರ್ ಎಣ್ಣೆ. ನಮ್ಮ ಸರ್ವಿಸ್ ಸ್ಟೇಷನ್ನುಗಳು ಎಲ್ಲದಕ್ಕೂ ಗ್ರೀಸ್ ಗನ್ ಹಿಡಿಯುತ್ತವೆ. ಗ್ರೀಸು ಒಣಗಿ ಗಟ್ಟಿಯಾಗುತ್ತದೆ, ತಿರುಪಿನ ಸುತ್ತುಗಳ ನಡುವೆ ನೀರು ಸೇರುತ್ತದೆ, ಕಂಬ ತುಕ್ಕು ಹಿಡಿದು ಒಂದು ದಿನ ತಿರುವಿನಲ್ಲಿ ಮುರಿಯುತ್ತದೆ, ಚಕ್ರ ಮಡ್ಗಾರ್ಡಿನಡಿಗೆ ಮಡಿಚಿಕೊಳ್ಳುತ್ತದೆ. 2015ರ ಪ್ರವಾಹದಲ್ಲೋ 2023ರ ಮಿಚಾಂಗ್ ಚಂಡಮಾರುತದ ಮಳೆಯಲ್ಲೋ ಮೊಳಕಾಲುದ್ದ ನೀರಲ್ಲಿ ನಿಂತಿದ್ದ ಕಾರಾದರೆ ಚಕ್ರ ಬಿಚ್ಚಿದ ದಿನವೇ ಇದನ್ನೂ ಬಿಚ್ಚಿ ನೋಡಿ.

ಟಯರಿನ ಮಾತು ಚಿಕ್ಕದು. ಇಂದಿನ ರಿಮ್ಮುಗಳಲ್ಲಿ ಟಯರಿನ ಅಂಚು ಜಾರದಂತೆ ತಡೆಯುವ ಸಣ್ಣ ದಿಬ್ಬವಿರುತ್ತದೆ, ಆ ಕಾಲದ ರಿಮ್ಮಿಗೆ ಅದಿಲ್ಲ. ಟ್ಯೂಬ್‌ಲೆಸ್ ಆಸೆ ಬಿಟ್ಟು ಟ್ಯೂಬು ಹಾಕಿ. ಮೂಲ ಅಳತೆ 5.20-13, ಹಳೇ ವ್ಯಾಗನ್‌ಆರ್ ಬಳಸುತ್ತಿದ್ದ 145/80 ಆರ್13 ಮೂರೂವರೆ ಇಂಚಿನ ರಿಮ್ಮಿಗೆ ಸರಿಹೊಂದುತ್ತದೆ. ಇನ್ನೂ ಅಗಲದ್ದು ಹಾಕಿದರೆ ನೋಡಲು ಗತ್ತು, ಡಿಸ್ಕಿಗೆ ಹಿಂಸೆ.

ಐವತ್ತು ವರ್ಷ ದಾಟಿ ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆಂದೇ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಫಲಕದ ಮೇಲೆ ‘ವಿಎ’ ಅಕ್ಷರ. ದಿನನಿತ್ಯ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲಿಗೆ ಹೋಗಿಬರಬಹುದು. ಮೂಲ ರೂಪದ ಮೇಲಿನ ಈ ಒತ್ತು ಒಳ್ಳೆಯದೇ, ಅಸಲಿ ಚಕ್ರ ಕಿತ್ತು ಅಲಾಯ್ ಹಾಕುವ ಚಾಳಿ ಇದರಿಂದ ಸ್ವಲ್ಪ ಕಡಿಮೆಯಾದೀತು. ಆದರೆ ಅಸಲಿ ಎನ್ನುವ ಮೋಹಕ್ಕೆ ಬಿರಿದ ಚಕ್ರವನ್ನು ಉಳಿಸಿಕೊಳ್ಳಬಾರದು. ಅಂಥದ್ದನ್ನು ಗೋಡೆಗೆ ನೇತುಹಾಕಿ ಬೇಕಾದರೆ, ಸ್ಟಡ್ ತೂತನ್ನು ಬೆಸೆದು ಮುಚ್ಚಿದ ಮೇಲೆ.

ಕೊನೆಗೆ ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿ. ಎಲ್ಲರೂ ಮರೆಯುವ ಐದನೇ ಚಕ್ರ ಇದು. ಕಡಿಮೆ ಓಡಿದ್ದರಿಂದ ಐದರಲ್ಲಿ ಗಟ್ಟಿಮುಟ್ಟಾದದ್ದು ಇದೇ ಆಗಿರಬಹುದು. ಕಾರ್ಖಾನೆ ಬಳಿದ ಬಣ್ಣ ಇದರ ಹಿಂಬದಿಯಲ್ಲಿ ಇನ್ನೂ ಉಳಿದಿದ್ದರೆ ಉಳಿದ ನಾಲ್ಕಕ್ಕೆ ಬಣ್ಣ ಹೊಂದಿಸಲು ಅದಕ್ಕಿಂತ ನಂಬಿಕೆಯ ಮಾದರಿ ಇಲ್ಲ. ಹಾಗಾಗಿ ರಿಮೂವರ್ ಹಚ್ಚುವ ಮುಂಚೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಅಂಗೈಯಗಲದ ಜಾಗವನ್ನು ಹಾಗೇ ಬಿಡಿ. ಆಮೇಲೆ ಸ್ಟೆಪ್ನಿಗೂ ಕೆಂಪು ದ್ರವ ಹೊಡೆದು ಪರೀಕ್ಷಿಸಿ. ಡಿಕ್ಕಿಯ ತಳದಲ್ಲಿ ನೀರು ನಿಂತು ರಿಮ್ಮಿನ ಒಂದೇ ಕಡೆ ತುಕ್ಕು ತಿಂದಿರುವುದುಂಟು, ಟಯರಿನ ಪಕ್ಕದ ನಾಲ್ಕಂಕಿಯ ತಾರೀಕು ಓದಿದರೆ ಅದು ಹದಿನೈದು ವರ್ಷ ಹಳೆಯದಾಗಿರುವುದೂ ಉಂಟು.